13 ವರ್ಷದ ಗುಂಡನಿಗೆ ಮೂತ್ರದ ತೊಂದರೆ: ಕಡಿಮೆ ಖರ್ಚಿನಲ್ಲಿ ನಿಭಾಯಿಸಿದವರು ಹೇಳಿ

ಕೇಳಿದವರು, ಶಿವಮೊಗ್ಗ

ನಮ್ಮ ಗುಂಡ ಸಂತಾನಹರಣದ ಆಪರೇಷನ್ ಮಾಡಿಸಿದ ಗಂಡು ಬೆಕ್ಕು. ಎರಡು ತಿಂಗಳಿಂದ ಮಲಮೂತ್ರಕ್ಕೆಂದು ಇಟ್ಟ ಟ್ರೇ ಬಿಟ್ಟು ಕಂಡಕಂಡಲ್ಲಿ ಮೂತ್ರ ಮಾಡುತ್ತಿದ್ದಾನೆ. ಒಮ್ಮೆ ಬಚ್ಚಲಲ್ಲಿ, ಒಮ್ಮೆ ಗಳುವಿನಿಂದ ಜಾರಿ ಬಿದ್ದಿದ್ದ ಅಮ್ಮನ ಮಡಿ ಸೀರೆಯ ಮೇಲೆ. ಬರುವುದು ನಾಲ್ಕೈದು ಹನಿ, ಒಂದೆರಡು ಸಲ ಕೆಂಪಗೂ ಇತ್ತು. ಈವರೆಗೆ ಮೂರು ಸಲ ಆಂಟಿಬಯೋಟಿಕ್ ಕೊಡಿಸಿದ್ದೇನೆ. ಕೊಟ್ಟಾಗ ಒಂದು ವಾರ ಸರಿಹೋಗುತ್ತದೆ, ಆಮೇಲೆ ಮತ್ತೆ ಅದೇ ರಾಗ. ಈಗ ಸ್ಕ್ಯಾನ್, ರಕ್ತಪರೀಕ್ಷೆ, ವಿಶೇಷ ಆಹಾರ ಎಂದು ಉದ್ದದ ಚೀಟಿ ಕೈಗೆ ಬಂದಿದೆ. ನನ್ನದು ಅಂಗಡಿಯ ಲೆಕ್ಕ ಬರೆಯುವ ಕೆಲಸ, ಎಲ್ಲವನ್ನೂ ಒಟ್ಟಿಗೆ ಮಾಡಿಸಲು ಆಗುವುದಿಲ್ಲ. ಯಾವುದನ್ನು ಮೊದಲು ಮಾಡಿಸಲಿ, ಯಾವುದನ್ನು ಮುಂದೂಡಲಿ? "ಬೆಕ್ಕಿಗೆ ಇಷ್ಟೆಲ್ಲ ಯಾಕೆ" ಎನ್ನುವವರು ಮನೆಯಲ್ಲೇ ಇದ್ದಾರೆ, ದಯವಿಟ್ಟು ಆ ಉತ್ತರ ಬೇಡ.

ನಿವೃತ್ತ ಮೇಷ್ಟರು, ಮೈಸೂರು

ಉಳಿದದ್ದೆಲ್ಲ ಆಮೇಲೆ. ಇವತ್ತು ಗುಂಡ ಮೂತ್ರ ಮಾಡಿದನೋ ಇಲ್ಲವೋ, ಮೊದಲು ಅದನ್ನು ನೋಡಿ. ಹನಿಯಾದರೂ ಬರುತ್ತಿದ್ದರೆ ಯೋಚಿಸಲು ಸ್ವಲ್ಪ ಸಮಯವಿರಬಹುದು, ಆದರೆ ಆ ಹನಿಯೂ ಕಡಿಮೆಯಾಗುತ್ತ ಬಂದರೆ ಕಾಯಬೇಡಿ. ಏನೂ ಬಾರದೆ ಬರೀ ಕುಳಿತು ತಿಣುಕುತ್ತಿದ್ದರೆ ಇದನ್ನು ಓದುವುದನ್ನು ನಿಲ್ಲಿಸಿ ಬುಟ್ಟಿಗೆ ಹಾಕಿಕೊಂಡು ಹೊರಡಿ.

ಇದನ್ನು ಹೇಳುವ ಯೋಗ್ಯತೆ ನನಗೆ ಬಂದದ್ದು ದಡ್ಡತನದಿಂದ. ನಮ್ಮ ಕರಿಯ ಒಂದು ಸಂಜೆ ಟ್ರೇಗೆ ಹತ್ತು ಸಲ ಹೋಗಿ ಬಂದ. ಬೆನ್ನು ಗೂನು ಮಾಡಿಕೊಂಡು ತಿಣುಕುತ್ತಿದ್ದ. ಮಲಬದ್ಧತೆ ಇರಬೇಕೆಂದು ತಿಳಿದು ತುಪ್ಪ ನೆಕ್ಕಿಸಿ ಮಲಗಿದೆ. ರಾತ್ರಿ ಏನೋ ಒಂಥರಾ ಕೂಗಿದ, ಬೆಳಗಾಗುವಷ್ಟರಲ್ಲಿ ವಾಂತಿ, ಕಿವಿ ತಣ್ಣಗೆ. ವೈದ್ಯರು ಹೊಟ್ಟೆ ಮುಟ್ಟಿದವರೇ "ಮೂತ್ರಕೋಶ ಕಿತ್ತಳೆ ಹಣ್ಣಿನ ಹಾಗೆ ಗಟ್ಟಿಯಾಗಿದೆ" ಎಂದರು. ಗಂಡು ಬೆಕ್ಕುಗಳಲ್ಲಿ ಮೂತ್ರ ಹೊರಬರುವ ನಾಳ ತೀರ ಕಿರಿದು. ಮರಳಿನಂಥ ಹರಳೋ ಲೋಳೆಯೋ ಸಿಕ್ಕಿಕೊಂಡರೆ ಕಟ್ಟಿಹೋಗುತ್ತದೆ. ಆಗ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪುತ್ತದೆ. ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು. ಕರಿಯನಿಗೆ ಅರಿವಳಿಕೆ ಕೊಟ್ಟು ನಳಿಕೆ ಹಾಕಿದರು. ಮೂರು ದಿನ ಅಲ್ಲೇ ಇದ್ದ, ನನ್ನ ಪಿಂಚಣಿಯಲ್ಲಿ ಅರ್ಧ ಹೋಯಿತು. ಹಿಂದಿನ ಸಂಜೆಯೇ ಹೋಗಿದ್ದರೆ ಇದರ ಕಾಲುಭಾಗವೂ ಆಗುತ್ತಿರಲಿಲ್ಲ. ಜಿಪುಣತನಕ್ಕೆ ನಮ್ಮ ಮನೆತನವೇ ಹೆಸರಾದದ್ದು, ಆದರೂ ಹೇಳುತ್ತೇನೆ: ಅಂಥ ದಿನಕ್ಕೆಂದು ಸ್ವಲ್ಪ ಹಣ ಬೇರೆ ತೆಗೆದಿಡಿ, ಈಗಿನ ಪರೀಕ್ಷೆಗಳಿಗೆ ಅದನ್ನು ಮುಟ್ಟಬೇಡಿ. ಒಮ್ಮೆ ಕಟ್ಟಿಕೊಂಡ ಬೆಕ್ಕಿಗೆ ಮೊದಲ ಕೆಲವು ವಾರಗಳಲ್ಲಿ ಮತ್ತೆ ಕಟ್ಟಿಕೊಳ್ಳುವುದುಂಟು.

ಇನ್ನೊಂದು ಮಾತು. ನೋವು ಪಡುತ್ತಿದ್ದಾನೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ. ಬೆಕ್ಕಿಗೆ ಅದು ವಿಷ, ಒಂದೇ ಮಾತ್ರೆ ಸಾಕು ಕೊಲ್ಲಲು.

ಹಿಂದೆ ಕ್ಲಿನಿಕ್‌ನಲ್ಲಿ ಸಹಾಯಕಿಯಾಗಿದ್ದವರು, ಬೆಂಗಳೂರು

ನಾನು ವೈದ್ಯೆಯಲ್ಲ. ಏಳು ವರ್ಷ ಬೆಕ್ಕುಗಳನ್ನು ಹಿಡಿದುಕೊಂಡು ನಿಂತವಳು, ಕೈಮೇಲಿನ ಗೀರುಗಳೇ ನನ್ನ ಪ್ರಮಾಣಪತ್ರ.

ನಿಮ್ಮ ಚೀಟಿಯಲ್ಲಿ ಮೂತ್ರ ಪರೀಕ್ಷೆಯ ಹೆಸರೇ ಇಲ್ಲದಿರುವುದು ನನಗೆ ವಿಚಿತ್ರವಾಗಿ ಕಂಡಿತು. ಎಲ್ಲಕ್ಕಿಂತ ಅಗ್ಗದ್ದು ಅದು, ಮೊದಲು ಆಗಬೇಕಾದದ್ದೂ ಅದೇ. ಎಳೆಯ ಬೆಕ್ಕುಗಳಿಗೆ ಇಂಥ ತೊಂದರೆ ಬಂದಾಗ ಬ್ಯಾಕ್ಟೀರಿಯಾ ಸಿಗುವುದು ಅಪರೂಪ, ಹೆಚ್ಚಾಗಿ ಮಾನಸಿಕ ಒತ್ತಡದಿಂದ ಮೂತ್ರಕೋಶ ಉರಿಯೇಳುತ್ತದೆ. ಹತ್ತು ದಾಟಿದವಕ್ಕೆ ಲೆಕ್ಕ ಬೇರೆ. ಮೂತ್ರಪಿಂಡ ಸೋತಾಗ ಮೂತ್ರ ನೀರಾಗುತ್ತದೆ, ಸಕ್ಕರೆ ಕಾಯಿಲೆ ಇದ್ದರೆ ಸಿಹಿಯಾಗುತ್ತದೆ. ಎರಡರಲ್ಲೂ ಸೋಂಕು ಸುಲಭವಾಗಿ ಬೇರೂರುತ್ತದೆ. ಔಷಧಿ ಕೊಟ್ಟಾಗ ಅಡಗಿ ಮತ್ತೆ ತಲೆಯೆತ್ತುತ್ತಿದೆ ಎಂದರೆ ಔಷಧಿ ಆ ರೋಗಾಣುವಿಗೆ ತಕ್ಕದ್ದಲ್ಲದಿರಬಹುದು, ಒಳಗೆ ಕಲ್ಲು ಇರಬಹುದು, ಅಥವಾ ಮೂಲ ಕಾಯಿಲೆ ಬೇರೆಯೇ ಇರಬಹುದು. ನಾಲ್ಕನೆಯ ಸಲವೂ ಊಹೆಯ ಮೇಲೆ ಮಾತ್ರೆ ಕೊಡಿಸುವ ಹಣದಲ್ಲಿ ಈ ಪರೀಕ್ಷೆ ಆಗಿಹೋಗುತ್ತದೆ.

ಮಾದರಿ ಹಿಡಿಯುವುದು ಹೀಗೆ: ಟ್ರೇಯನ್ನು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ, ಮೀನಿನ ತೊಟ್ಟಿಗೆ ಹಾಕುವ ಸಣ್ಣ ಕಲ್ಲುಗಳನ್ನು ತೊಳೆದು ಒಂದು ಹಿಡಿ ಹರಡಿ. ಅವು ನೀರು ಹೀರುವುದಿಲ್ಲ. ಅವನು ಇಳಿದ ಮೇಲೆ ಟ್ರೇ ಓರೆ ಮಾಡಿ ಸಿರಿಂಜಿನಲ್ಲಿ ಎಳೆದುಕೊಳ್ಳಿ. ಒಂದೆರಡು ಗಂಟೆಯೊಳಗೆ ತಲುಪಿಸಿ, ತಡವಾದರೆ ಇಲ್ಲದ ಹರಳೂ ಮೂಡುತ್ತದೆ. ಮೂತ್ರದ ಸಾಂದ್ರತೆಯನ್ನು ಉಪಕರಣದಲ್ಲಿ ನೋಡಲು ಹೇಳಿ, ಮನುಷ್ಯರ ಮೂತ್ರದಲ್ಲಿ ಅದ್ದಿ ನೋಡುವ ಕಾಗದದ ಪಟ್ಟಿಯನ್ನು ಅದಕ್ಕೆ ನಂಬುವಂತಿಲ್ಲ. ಆರೋಗ್ಯವಂತ ಬೆಕ್ಕಿನದು ಸಾಮಾನ್ಯವಾಗಿ 1.035ಕ್ಕಿಂತ ಮೇಲಿರುತ್ತದೆ. ಕಲ್ಚರ್, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಿಸುವುದಾದರೆ ಮಾತ್ರ ಟ್ರೇಯ ಮೂತ್ರ ಆಗದು, ವೈದ್ಯರು ಸೂಜಿಯಿಂದ ನೇರವಾಗಿ ಮೂತ್ರಕೋಶದಿಂದಲೇ ತೆಗೆಯಬೇಕು. ನೋಡಲು ಭಯವಾಗುತ್ತದೆ, ಆದರೆ ಬೆಕ್ಕಿಗಿಂತ ಯಜಮಾನರೇ ಹೆಚ್ಚು ಒದ್ದಾಡುವುದನ್ನು ಕಂಡಿದ್ದೇನೆ.

ಆಮೇಲೆ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸೋತರೆ ಏರುವಂಥದ್ದು) ಮತ್ತು ಸಕ್ಕರೆ. ಕಲ್ಲಿನ ಅನುಮಾನ ಬಂದರೆ ಎಕ್ಸ್‌ರೇ. ವಿಶೇಷ ಆಹಾರ ಕೊಳ್ಳುವುದು ಇದೆಲ್ಲ ಆದ ಮೇಲೆಯೇ. ಸ್ಟ್ರುವೈಟ್ ಎಂಬ ಬಗೆಯ ಕಲ್ಲು ಆಹಾರದಿಂದ ಕರಗುತ್ತದೆ, ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಬಗೆಯದು ಎಷ್ಟು ತಿನ್ನಿಸಿದರೂ ಕರಗುವುದಿಲ್ಲ. ಕಲ್ಲು ಕರಗಿಸುವ ಆಹಾರ ಮೂತ್ರಪಿಂಡ ಸೋತ ಬೆಕ್ಕಿಗೆ ಒಗ್ಗದೆಯೂ ಹೋಗಬಹುದು.

ನಿಮ್ಮ ಊರಿನಲ್ಲೇ ಪಶುವೈದ್ಯಕೀಯ ಕಾಲೇಜು ಇದೆಯಲ್ಲ, ಅಲ್ಲಿಗೇಕೆ ಹೋಗಬಾರದು? ಇಲ್ಲಿ ನಾವು ಹೆಬ್ಬಾಳದ ಕಾಲೇಜಿಗೆ ಹೋಗುತ್ತೇವೆ. ಬೆಳಿಗ್ಗೆ ಬೇಗ ಹೋಗಿ ಸಾಲಿನಲ್ಲಿ ನಿಲ್ಲಬೇಕು, ನಾಲ್ಕು ಜನ ವಿದ್ಯಾರ್ಥಿಗಳು ಸುತ್ತುಗಟ್ಟಿ ನೋಡುತ್ತಾರೆ, ಅಷ್ಟೇ.

ನಾಲ್ಕು ಬೆಕ್ಕುಗಳ ಮನೆಯವರು, ಮಂಗಳೂರು

ಪರೀಕ್ಷೆಯ ಫಲ ಏನೇ ಬರಲಿ, ನೀರು ಕುಡಿಸುವುದನ್ನು ಇವತ್ತೇ ಶುರು ಮಾಡಿ. ಬೆಕ್ಕಿನ ಮೂಲ ಮರಳುಗಾಡಿನದು, ಅದಕ್ಕೆ ಬಾಯಾರಿಕೆಯೇ ಕಡಿಮೆ. ಬೇಟೆಯ ಮಾಂಸದಿಂದಲೇ ನೀರು ಪಡೆಯುವ ಪ್ರಾಣಿಗೆ ನಾವು ಒಣ ಕಾಳಿನಂಥ ಆಹಾರ ಹಾಕುತ್ತೇವೆ. ಅದರಲ್ಲಿ ನೀರಿನಂಶ ಸುಮಾರು ಶೇ. 10, ಪೊಟ್ಟಣದ ತೇವದ ಆಹಾರದಲ್ಲಿ ಶೇ. 75ರ ಆಸುಪಾಸು. ತೇವದ ಆಹಾರ ದುಬಾರಿಯಾದರೆ ಒಣ ಆಹಾರವನ್ನೇ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಹಾಕಿ. ಮೊದಲ ದಿನ ನಮ್ಮವಳು ಮೂಸಿ ನೋಡಿ ನೆಲ ಕೆರೆದು ಮುಚ್ಚುವಂತೆ ನಟಿಸಿದಳು. ಒಂದೊಂದೇ ಚಮಚ ನೀರು ಹೆಚ್ಚಿಸುತ್ತ ಹೋದೆ, ಹದಿನೈದು ದಿನದಲ್ಲಿ ಗಂಜಿಯ ಹಾಗೆ ನೆಕ್ಕತೊಡಗಿದಳು.

ನೀರಿನ ಬೋಗುಣಿ ಅಗಲವಾಗಿರಲಿ, ಮೀಸೆ ತಾಗಿದರೆ ಕೆಲವಕ್ಕೆ ಆಗದು. ಊಟದ ಪಕ್ಕದಲ್ಲಿ ಇಡಬೇಡಿ, ಮನೆಯಲ್ಲಿ ಮೂರ್ನಾಲ್ಕು ಕಡೆ ಇಡಿ. ಮೀನು ಬೇಯಿಸಿದ ನೀರನ್ನು ಒಂದು ಚಮಚ ಬೆರೆಸಿದರೆ ನಮ್ಮವು ಬಟ್ಟಲು ಖಾಲಿ ಮಾಡುತ್ತವೆ. ಆದರೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕಿರಬಾರದು. ಒಣಮೀನು ಬೇಡವೇ ಬೇಡ.

ನಮ್ಮ ಅತ್ತೆ ಬಾಳೆದಿಂಡಿನ ರಸ ಹಿಂಡಿಕೊಂಡು ಬಂದಿದ್ದರು, ಮಾವನ ಕಲ್ಲು ಅದರಿಂದಲೇ ಹೋಯಿತಂತೆ. ಬೆಕ್ಕಿಗೆ ಬೇಡವೆಂದೆ. ಆ ರಸವನ್ನು ನನಗೇ ಕುಡಿಸಿದರು.

ಧಾರವಾಡದಿಂದ

ಟ್ರೇಯ ಅಂಚು ಎಷ್ಟು ಎತ್ತರವಿದೆ ನೋಡಿದಿರಾ? 13 ವರ್ಷದ ಬೆಕ್ಕಿಗೆ ಮಂಡಿನೋವು ಇದ್ದೇ ಇರುತ್ತದೆ ಎಂದುಕೊಳ್ಳಿ. ನಾವು ಹಳೆಯ ಪ್ಲಾಸ್ಟಿಕ್ ಬುಟ್ಟಿಯ ಒಂದು ಬದಿಯನ್ನು ಕೊಯ್ದು ತಗ್ಗಿಸಿದೆವು. ಟ್ರೇಗೆ ಹರಡುವ ಲಿಟರ್ ಪುಡಿ ಕೊಳ್ಳುವುದನ್ನೂ ಬಿಟ್ಟು ಹರಿದ ಪತ್ರಿಕೆ ಹಾಕುತ್ತೇವೆ. ಕೆಂಪು ಬಂದರೆ ಕಾಗದದ ಮೇಲೆ ತಕ್ಷಣ ಕಾಣುತ್ತದೆ. ಎಷ್ಟು ಸಲ, ಎಷ್ಟು ದೊಡ್ಡ ಒದ್ದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ವೈದ್ಯರು ಕೇಳಿದಾಗ ತಡವರಿಸಬೇಕಾಗುವುದಿಲ್ಲ. ದೀಪಾವಳಿಯ ಪಟಾಕಿಯಾದ ಮರುದಿನ ನಮ್ಮದಕ್ಕೆ ಪ್ರತಿವರ್ಷ ಕೆಂಪು ಮೂತ್ರ. ನಿಮ್ಮ ಮನೆಯಲ್ಲಿ ಎರಡು ತಿಂಗಳ ಹಿಂದೆ ಏನಾದರೂ ಬದಲಾಗಿತ್ತೇ?

ಕೇಳಿದವರು, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ. ಮನೆಯಲ್ಲಿ ಏನೂ ಬದಲಾಗಿರಲಿಲ್ಲ. ಕಾಲೇಜಿನ ಆಸ್ಪತ್ರೆಗೆ ಹೋದೆವು. ಸಾಂದ್ರತೆ 1.018, ಸಕ್ಕರೆ ಇಲ್ಲ, ಕ್ರಿಯಾಟಿನಿನ್ ಸ್ವಲ್ಪ ಹೆಚ್ಚು, ಎಕ್ಸ್‌ರೇಯಲ್ಲಿ ಕಲ್ಲು ಕಾಣಲಿಲ್ಲ. ಕಲ್ಚರ್‌ನಲ್ಲಿ ರೋಗಾಣು ಬೆಳೆಯಿತು, ಹಿಂದೆ ಮೂರು ಸಲ ಕೊಟ್ಟಿದ್ದ ಔಷಧಿಗೆ ಅದು ಬಗ್ಗುವುದಿಲ್ಲವಂತೆ. ಈಗ ಬೇರೆ ಮಾತ್ರೆ. ಮೂತ್ರಪಿಂಡ ಸೋಲುತ್ತಿರುವುದು ಗೊತ್ತಾಗಿ ಬೇಸರವಾಯಿತು, ಆದರೆ ಸ್ಕ್ಯಾನ್ ಸದ್ಯಕ್ಕೆ ಬೇಡವೆಂದರು. ಕೆಂಪು ನಿಂತಿದೆ. ಮಂಗಳೂರಿನ ಅಕ್ಕಾ, ನಮ್ಮ ಮನೆಗೆ ಮೀನು ತರುವಂತಿಲ್ಲ, ಒಣ ಆಹಾರವನ್ನೇ ನೆನೆಸಿ ಹಾಕುತ್ತಿದ್ದೇನೆ. ಈಗಿರುವ ಒಂದೇ ಕಷ್ಟವೆಂದರೆ ಮಾತ್ರೆಯನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಹತ್ತು ನಿಮಿಷದ ನಂತರ ಅಮ್ಮನ ಎದುರಿಗೇ ಉಗುಳುತ್ತಾನೆ.

ನಾಲ್ಕು ಬೆಕ್ಕುಗಳ ಮನೆಯವರು, ಮಂಗಳೂರು

ಮೀನು ಇಲ್ಲದಿದ್ದರೆ ಬೆಣ್ಣೆ ಇದೆಯಲ್ಲ ತಮ್ಮಾ. ಮಾತ್ರೆಗೆ ತೆಳ್ಳಗೆ ಸವರಿ ನಾಲಿಗೆಯ ಬುಡದಲ್ಲಿ ಇಡಿ, ಜಾರಿಕೊಂಡು ಹೋಗುತ್ತದೆ. ಆಮೇಲೆ ಸೂಜಿಯಿಲ್ಲದ ಸಿರಿಂಜಿನಲ್ಲಿ ಐದು ಎಂಎಲ್ ನೀರನ್ನು ಬಾಯಿಯ ಬದಿಯಿಂದ ನಿಧಾನವಾಗಿ ಬಿಡಿ. ಒಣಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣು ಮಾಡುವುದುಂಟು. ಬೆಣ್ಣೆಯನ್ನು ಅಮ್ಮನ ಕೈಯಿಂದಲೇ ಸವರಿಸಿ.