ಗ್ಲುಕೋಸೈಡ್ ಸೌಮ್ಯ ಸರಿ, ಅದರಿಂದ ಮಾಡಿದ ಫೇಸ್‌ವಾಶ್ ಯಾಕೆ ಉರಿಯುತ್ತದೆ? – ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಡೆಸಿಲ್ ಗ್ಲುಕೋಸೈಡ್ (ನೊರೆ ಕೊಟ್ಟು ಕೊಳೆ ತೆಗೆಯುವ ವಸ್ತು) 20 ಗ್ರಾಂ, ಗ್ಲಿಸರಿನ್ 5 ಗ್ರಾಂ, ಉಳಿದದ್ದು ಡಿಸ್ಟಿಲ್ಡ್ ವಾಟರ್, ಒಟ್ಟು 100 ಗ್ರಾಂ ಫೇಸ್‌ವಾಶ್ ಮಾಡಿದೆ. ನೀರಿನ ಹಾಗೆ ತೆಳ್ಳಗಿದೆ. ಉಪ್ಪು ಹಾಕಿದರೂ ಗಟ್ಟಿಯಾಗಲಿಲ್ಲ. ಮುಖ ತೊಳೆದ ಮೇಲೆ ಚರ್ಮ ಬಿಗಿದು ಉರಿಯುತ್ತದೆ, ಕಣ್ಣಿಗೆ ತಾಗಿದರೆ ಕೇಳುವುದೇ ಬೇಡ. ಸಕ್ಕರೆ ಮತ್ತು ತೆಂಗಿನಿಂದ ಬಂದದ್ದು, ಮಕ್ಕಳ ಶಾಂಪೂಗೂ ಹಾಕುತ್ತಾರೆ ಅಂತ ಓದಿ ಕೊಂಡಿದ್ದು. ತಪ್ಪೆಲ್ಲಿ?

ಉತ್ತರ (ಕಾಸ್ಮೆಟಿಕ್ ಕೆಮಿಸ್ಟ್): ನಮಸ್ಕಾರ. ಮೊದಲು ಆ ಬಾಟಲಿ ಬಳಸುವುದನ್ನು ನಿಲ್ಲಿಸಿ. ನೀವು ಬರೆದ ಪಟ್ಟಿಯಲ್ಲಿ ಪಿಎಚ್ (ಆಮ್ಲ-ಕ್ಷಾರದ ಅಳತೆ; 7 ತಟಸ್ಥ, ಮೇಲಿದ್ದರೆ ಕ್ಷಾರ, ಕೆಳಗಿದ್ದರೆ ಆಮ್ಲ) ಇಳಿಸುವ ವಸ್ತು ಒಂದೂ ಇಲ್ಲ. ಉರಿಗೆ ಕಾರಣ ಅದೇ.

ಡೆಸಿಲ್, ಕೊಕೊ, ಲಾರಿಲ್ ಗ್ಲುಕೋಸೈಡ್‌ಗಳು ತಯಾರಕರಿಂದ ಬರುವಾಗಲೇ ಅವುಗಳ ಪಿಎಚ್ ಸಾಮಾನ್ಯವಾಗಿ 11.5ರಿಂದ 12.5 ಇರುತ್ತದೆ. ಡಬ್ಬಿಯೊಳಗೆ ಸೂಕ್ಷ್ಮಜೀವಿ ಬೆಳೆಯದಿರಲಿ ಎಂದು ಬೇಕೆಂದೇ ಹಾಗೆ ಇಟ್ಟಿರುತ್ತಾರೆ. ನೀರು ಬೆರೆಸಿದ ಮಾತ್ರಕ್ಕೆ ಅದು ಚರ್ಮಕ್ಕೆ ಹೊಂದುವ ಮಟ್ಟಕ್ಕೆ ಇಳಿಯುವುದಿಲ್ಲ. ಪಿಎಚ್ ಅಳತೆಯಲ್ಲಿ ಒಂದೊಂದು ಅಂಕಿಯೂ ಹತ್ತು ಪಟ್ಟು. ಹತ್ತು ಪಟ್ಟು ನೀರು ಹಾಕಿದರೂ ಹೆಚ್ಚೆಂದರೆ ಒಂದು ಅಂಕಿ ಇಳಿದೀತು. ಆರೋಗ್ಯವಂತ ಚರ್ಮದ ಮೇಲ್ಮೈ ಪಿಎಚ್ ಸುಮಾರು 5. ನಿಮ್ಮ ಬಾಟಲಿಯಲ್ಲಿರುವುದು ಸೋಪಿಗಿಂತಲೂ ಕ್ಷಾರವಾಗಿರುವ ಸಾಧ್ಯತೆ ಇದೆ.

ಗ್ಲುಕೋಸೈಡ್ ಸೌಮ್ಯ ಎಂಬ ಮಾತು ಸುಳ್ಳಲ್ಲ. ಅದರ ಕಣದ ಒಂದು ತುದಿ ಗ್ಲುಕೋಸ್, ಇನ್ನೊಂದು ತುದಿ ಕೊಬ್ಬಿನ ಆಲ್ಕೋಹಾಲ್. ವಿದ್ಯುದಂಶ ಇಲ್ಲ, ಅಂದರೆ ಅದು ನಾನ್‌ಅಯಾನಿಕ್. ಸೋಡಿಯಂ ಲಾರಿಲ್ ಸಲ್ಫೇಟಿನಂಥ ಋಣ ವಿದ್ಯುದಂಶದ ಸರ್ಫ್ಯಾಕ್ಟಂಟ್‌ಗಳು (ಕೊಳೆ ತೆಗೆಯುವ ವಸ್ತುಗಳು) ಚರ್ಮದ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಉಬ್ಬಿಸುವ ಹಾಗೆ ಇದು ಮಾಡುವುದಿಲ್ಲ. ಆದರೆ ಈ ಗುಣ ಕೈಗೆ ಸಿಗುವುದು ಪಿಎಚ್ ಸರಿಪಡಿಸಿ, ಪ್ರಮಾಣ ಲೆಕ್ಕಹಾಕಿ, ಜೊತೆಗೆ ಸರಿಯಾದ ಇನ್ನೊಂದು ಸರ್ಫ್ಯಾಕ್ಟಂಟ್ ಸೇರಿಸಿದಾಗ. ಡಬ್ಬಿಯ ಮೇಲಿನ ‘ಸೌಮ್ಯ’ ಎಂಬ ಪದ ಸಿದ್ಧವಾದ ಉತ್ಪನ್ನದ ಬಗ್ಗೆ ಏನನ್ನೂ ಹೇಳುವುದಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ದುರ್ಬಲಗೊಳಿಸದ ಗ್ಲುಕೋಸೈಡ್ ಕಣ್ಣಿಗೆ ಗಂಭೀರ ಹಾನಿ ಮಾಡಬಲ್ಲದು. ತೂಕ ಮಾಡುವಾಗ ಕನ್ನಡಕ, ಕೈಗವಸು ಬೇಕೇ ಬೇಕು.

ಇನ್ನು ಉಪ್ಪು. ಋಣ ವಿದ್ಯುದಂಶದ ಕಣಗಳು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಉಪ್ಪು ಆ ತಳ್ಳಾಟವನ್ನು ತಗ್ಗಿಸುತ್ತದೆ. ಆಗ ಗುಂಡಗಿದ್ದ ಕಣಗುಚ್ಛಗಳು ಉದ್ದ ಹುಳುವಿನಂತಾಗಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ದ್ರವ ಗಟ್ಟಿಯಾಗುತ್ತದೆ. ಗ್ಲುಕೋಸೈಡ್‌ನಲ್ಲಿ ವಿದ್ಯುದಂಶವೇ ಇಲ್ಲದಿರುವಾಗ ಉಪ್ಪಿಗೆ ಮಾಡಲು ಕೆಲಸವಿಲ್ಲ. ಗಮ್ ಬೇಕು.

ಪ್ರಶ್ನೆ: ಹಾಗಿದ್ದರೆ ಒಂದು ಸರಿಯಾದ ಅಳತೆ ಕೊಡಿ ಮೇಡಂ. ಶೇ 20 ಹಾಕಿದ್ದು ಹೆಚ್ಚಾಯಿತೇ?

ಉತ್ತರ (ಕಾಸ್ಮೆಟಿಕ್ ಕೆಮಿಸ್ಟ್): ಶೇ 20 ಎಂದರೆ ನಿಜವಾದ ಸರ್ಫ್ಯಾಕ್ಟಂಟ್ ಶೇ 20 ಅಲ್ಲ. ಡಬ್ಬಿಯಲ್ಲಿ ಅರ್ಧ ನೀರೇ ಇರುತ್ತದೆ. ಡೆಸಿಲ್ ಮತ್ತು ಕೊಕೊ ಗ್ಲುಕೋಸೈಡ್‌ನ ಸಕ್ರಿಯ ಅಂಶ ಸುಮಾರು ಶೇ 50ರಿಂದ 55. ನಿಮ್ಮ ಬ್ಯಾಚಿನ ವಿಶ್ಲೇಷಣಾ ಪತ್ರದಲ್ಲಿ ನಿಖರ ಅಂಕಿ ಇರುತ್ತದೆ. ಶೇ 53 ಎಂದಿಟ್ಟುಕೊಂಡರೆ 20 × 0.53 = 10.6. ಮುಖಕ್ಕೆ ಶೇ 5ರಿಂದ 10, ಮೈಗೆ ಮತ್ತು ತಲೆಗೂದಲಿಗೆ ಶೇ 10ರಿಂದ 15 ಸಕ್ರಿಯ ಅಂಶ ಸಾಕು. ನೀವು ಮೇಲಿನ ಅಂಚನ್ನು ತುಸು ದಾಟಿದ್ದೀರಿ, ಅದೂ ಒಂದೇ ಸರ್ಫ್ಯಾಕ್ಟಂಟ್‌ನಿಂದ. ಗ್ಲುಕೋಸೈಡ್ ಒಂದನ್ನೇ ಹಾಕಿದರೆ ತೊಳೆದಾದ ಮೇಲೆ ಚರ್ಮ ಕಿರ್ ಅನ್ನುತ್ತದೆ, ಕೂದಲು ಸಿಕ್ಕಾಗುತ್ತದೆ. ಬೀಟೈನ್ ಎಂಬ ಇನ್ನೊಂದು ಸರ್ಫ್ಯಾಕ್ಟಂಟ್ ಜೊತೆ ಹಂಚಿಕೊಂಡರೆ ನೊರೆಯೂ ತುಂಬಿ ಬರುತ್ತದೆ, ಆ ಬಿಗಿತವೂ ಕಡಿಮೆ.

100 ಗ್ರಾಮಿಗೆ, ಎಲ್ಲವೂ ತೂಕದಲ್ಲಿ: ಡಿಸ್ಟಿಲ್ಡ್ ವಾಟರ್ 66, ಸೋಡಿಯಂ ಫೈಟೇಟ್ 0.2, ಗ್ಲಿಸರಿನ್ 4, ಕ್ಸಾಂಥನ್ ಗಮ್ 0.8, ಕೊಕಾಮಿಡೊಪ್ರೊಪೈಲ್ ಬೀಟೈನ್ (ಸಕ್ರಿಯ ಅಂಶ ಶೇ 30ರದ್ದು) 12, ಕೊಕೊ ಗ್ಲುಕೋಸೈಡ್ (ಶೇ 52ರದ್ದು) 12, ಪ್ಯಾಂಥೆನಾಲ್ 1, ಸೋಡಿಯಂ ಬೆಂಜೊಯೇಟ್ 0.5, ಪೊಟ್ಯಾಸಿಯಂ ಸೋರ್ಬೇಟ್ 0.3 (ಕೊನೆಯ ಎರಡು ಕೆಡದಂತೆ ಕಾಯುವ ಪ್ರಿಸರ್ವೇಟಿವ್). ಇಲ್ಲಿಗೆ 96.8 ಆಯಿತು. ಉಳಿದ 3.2 ಗ್ರಾಂ ಸಿಟ್ರಿಕ್ ಆಸಿಡ್ ದ್ರಾವಣಕ್ಕೆ ಮತ್ತು ಕೊನೆಗೆ ತೂಕ ಸರಿದೂಗಿಸುವ ನೀರಿಗೆ. ಒಟ್ಟು ಸಕ್ರಿಯ ಅಂಶ 3.6 + 6.24, ಅಂದರೆ 9.84.

ಗಮ್ ಅನ್ನು ನೇರ ನೀರಿಗೆ ಉದುರಿಸಬೇಡಿ, ಮೀನಿನ ಕಣ್ಣಿನಂಥ ಗಂಟುಗಳಾಗುತ್ತವೆ, ಮತ್ತೆ ಕರಗುವುದಿಲ್ಲ. ಮೊದಲು ಗ್ಲಿಸರಿನ್‌ನಲ್ಲಿ ಕಲಸಿ, ಆ ಪೇಸ್ಟನ್ನು ಫೈಟೇಟ್ ಕರಗಿಸಿದ ನೀರಿಗೆ ತಿರುಗಿಸುತ್ತಾ ಸೇರಿಸಿ, ಅರ್ಧ ಗಂಟೆ ಬಿಡಿ. ಬೆಂಜೊಯೇಟ್, ಸೋರ್ಬೇಟ್, ಪ್ಯಾಂಥೆನಾಲ್ ಈ ಹಂತದಲ್ಲೇ ಕರಗಲಿ. ಆಮ್ಲ ಹಾಕಿದ ಮೇಲೆ ಬೆಂಜೊಯೇಟ್ ಹಾಕಿದರೆ ಅದು ಬೆಂಜೊಯಿಕ್ ಆಮ್ಲದ ಹರಳಾಗಿ ತಳ ಸೇರಬಹುದು. ಆಮೇಲೆ ಬೀಟೈನ್, ಕೊನೆಗೆ ಕೊಕೊ ಗ್ಲುಕೋಸೈಡ್. ಚಮಚದಿಂದ ನಿಧಾನವಾಗಿ ತಿರುಗಿಸಿ. ಬೀಟರ್ ಹಾಕಿದರೆ ಪಾತ್ರೆ ತುಂಬ ನೊರೆ, ಗಮ್ ಆ ಗುಳ್ಳೆಗಳನ್ನು ದಿನಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ.

ಈಗ ಪಿಎಚ್. ಸಿಟ್ರಿಕ್ ಆಸಿಡ್ ಪುಡಿಯನ್ನು ಅಷ್ಟೇ ತೂಕದ ನೀರಿನಲ್ಲಿ ಕರಗಿಸಿಕೊಂಡು ಹನಿಹನಿಯಾಗಿ ಹಾಕುತ್ತಾ ಹೋಗಿ. ‘ಎಷ್ಟು ಹನಿ’ ಎಂದು ಕೇಳಬೇಡಿ. ಗ್ಲುಕೋಸೈಡ್‌ನ ಕ್ಷಾರ ಬ್ಯಾಚಿನಿಂದ ಬ್ಯಾಚಿಗೆ ಬೇರೆ. ಮೊದಲು ಬಹಳ ಹೊತ್ತು ಅಲ್ಲಾಡದಂತೆ ಕಂಡು, 8ರ ಆಸುಪಾಸಿಗೆ ಬಂದ ಮೇಲೆ ದಡದಡನೆ ಇಳಿಯಬಹುದು. ಅಲ್ಲಿಂದ ಒಂದು ಹನಿ, ಒಂದು ನಿಮಿಷ ತಿರುಗಿಸುವುದು, ಮತ್ತೆ ಅಳತೆ. ಗುರಿ 5.0. ಮೀಟರನ್ನು 4 ಮತ್ತು 7ರ ಬಫರಿನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಸರಿಪಡಿಸಿಕೊಂಡು, 1 ಭಾಗ ಫೇಸ್‌ವಾಶಿಗೆ 9 ಭಾಗ ಡಿಸ್ಟಿಲ್ಡ್ ವಾಟರ್ ಬೆರೆಸಿ ಅಳೆಯಿರಿ. ಗಟ್ಟಿ ದ್ರವದಲ್ಲಿ ಮೀಟರಿನ ಅಂಕಿ ನಿಲ್ಲುವುದಿಲ್ಲ. 1ರಿಂದ 14ರ ಕಾಗದದ ಪಟ್ಟಿಯನ್ನು ಇದಕ್ಕೆ ನಂಬಬೇಡಿ, ಅದರಲ್ಲಿ 5 ಮತ್ತು 6ರ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಕಷ್ಟ. ಮರುದಿನ ಇನ್ನೊಮ್ಮೆ ಅಳೆಯಿರಿ, ಒಂದಿಷ್ಟು ಮೇಲೇರಿರುವುದುಂಟು.

ಪ್ರಶ್ನೆ: ನಾನು ಮಾಡಿದ ಫೇಸ್‌ವಾಶನ್ನು ಪಿಎಚ್ 5.5ಕ್ಕೆ ತಂದಿದ್ದೆ ಮೇಡಂ, ಉರಿ ಇಲ್ಲ. ಆದರೆ ಎರಡು ವಾರಕ್ಕೆ ಹುಳಿ ವಾಸನೆ, ಮೇಲೆ ತೆಳು ಪೊರೆ. ಡೆಸಿಲ್ ಗ್ಲುಕೋಸೈಡ್ ಡಬ್ಬಿ ಮಾತ್ರ ವರ್ಷದಿಂದ ಚೆನ್ನಾಗಿಯೇ ಇದೆ. ಪ್ರಿಸರ್ವೇಟಿವ್ ಅಂತ ಬೆಂಜೊಯೇಟ್ 0.5 ಹಾಕಿದ್ದೆ.

ಉತ್ತರ (ಕಾಸ್ಮೆಟಿಕ್ ಕೆಮಿಸ್ಟ್): ಡಬ್ಬಿ ಕೆಡದಿದ್ದುದಕ್ಕೆ ಅದರ ಪಿಎಚ್ 12 ಕಾರಣ. ನೀವು ನೀರು ಬೆರೆಸಿ 5.5ಕ್ಕೆ ಇಳಿಸಿದಾಗ ಆ ಕಾವಲು ಹೋಯಿತು. ಈಗ ಅಲ್ಲಿರುವುದು ನೀರು, ಗ್ಲಿಸರಿನ್, ಸಕ್ಕರೆಯ ಮೂಲದ ವಸ್ತು. ಸೂಕ್ಷ್ಮಜೀವಿಗಳಿಗೆ ಹಬ್ಬ.

ಬೆಂಜೊಯೇಟ್ ಉಪ್ಪಿನ ರೂಪದಲ್ಲಿ ಹೆಚ್ಚೇನೂ ಮಾಡುವುದಿಲ್ಲ. ಆಮ್ಲ ರೂಪಕ್ಕೆ ತಿರುಗಿದ ಭಾಗವಷ್ಟೇ ಜೀವಕೋಶದೊಳಗೆ ನುಗ್ಗಿ ಕೆಲಸ ಮಾಡುವುದು. ಪಿಎಚ್ 6ರಲ್ಲಿ ಆ ಭಾಗ ಶೇ 2ಕ್ಕಿಂತ ಕಡಿಮೆ, 5.5ರಲ್ಲಿ ಸುಮಾರು ಶೇ 5, 5.0ರಲ್ಲಿ ಸುಮಾರು ಶೇ 14. ಸೋರ್ಬೇಟಿನದು ಇದಕ್ಕಿಂತ ವಾಸಿ, 5.5ರಲ್ಲಿ ಸುಮಾರು ಶೇ 15, 5.0ರಲ್ಲಿ ಶೇ 36ರ ಹತ್ತಿರ. ಅದಕ್ಕೇ ಮೇಲಿನ ಅಳತೆಯಲ್ಲಿ ಎರಡನ್ನೂ ಹಾಕಿ 5.0 ಎಂದು ಬರೆದದ್ದು. ಸೋರ್ಬೇಟ್ ದಿನ ಕಳೆದಂತೆ ಹಳದಿಗೆ ತಿರುಗಬಹುದು, ಗಾಬರಿ ಬೇಡ.

ಫಿನಾಕ್ಸಿಎಥನಾಲ್ ಎಂಬ ಪ್ರಿಸರ್ವೇಟಿವ್ ಬಳಸುವವರಿಗೂ ಒಂದು ಮಾತು. ನಾನ್‌ಅಯಾನಿಕ್ ಸರ್ಫ್ಯಾಕ್ಟಂಟ್‌ನ ಕಣಗುಚ್ಛಗಳು ಪ್ರಿಸರ್ವೇಟಿವ್‌ನ ಒಂದು ಪಾಲನ್ನು ಒಳಗೆಳೆದುಕೊಂಡುಬಿಡುತ್ತವೆ, ನೀರಿನಲ್ಲಿ ಉಳಿಯುವುದು ಕಡಿಮೆ. ಕ್ರೀಮಿನಲ್ಲಿ ನಡೆದ ಅಳತೆ ಗ್ಲುಕೋಸೈಡ್ ತುಂಬಿದ ಶಾಂಪೂವಿನಲ್ಲಿ ನಡೆಯುತ್ತದೆ ಎಂಬ ಖಾತ್ರಿ ಇಲ್ಲ. ಮಾರುವ ಉದ್ದೇಶವಿದ್ದರೆ ಐಎಸ್‌ಒ 11930ರ ಪರೀಕ್ಷೆ (ಪ್ರಿಸರ್ವೇಟಿವ್ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ನೋಡುವುದು) ಮಾಡಿಸದೆ ಬಾಟಲಿ ಹೊರಗೆ ಕೊಡಬೇಡಿ. ವಾಸನೆ ಬಾರದಿದ್ದರೂ ಒಳಗೆ ಬ್ಯಾಕ್ಟೀರಿಯಾ ಬೆಳೆದಿರಬಹುದು.

ಪಿಎಚ್ 4ಕ್ಕಿಂತ ಕೆಳಗೆ ಇಳಿಸಿ ಕೆಡದಂತೆ ಮಾಡೋಣ ಎಂದುಕೊಳ್ಳಬೇಡಿ. ಸಕ್ಕರೆ ಮತ್ತು ಕೊಬ್ಬಿನ ಆಲ್ಕೋಹಾಲಿನ ನಡುವಿನ ಬಂಧ ಕ್ಷಾರದಲ್ಲಿ ಗಟ್ಟಿ, ತೀವ್ರ ಆಮ್ಲದಲ್ಲಿ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಗ್ಲೈಕಾಲಿಕ್ ಆಸಿಡ್ ಹಾಕಿ 3.5ರ ಫೇಸ್‌ವಾಶ್ ಮಾಡುವುದಾದರೆ ಬೇರೆ ಸರ್ಫ್ಯಾಕ್ಟಂಟ್ ನೋಡಿ.

ಪ್ರಶ್ನೆ: ಡೆಸಿಲ್, ಕೊಕೊ, ಲಾರಿಲ್, ಕ್ಯಾಪ್ರಿಲಿಲ್: ಒಂದರ ಬದಲು ಇನ್ನೊಂದು ಹಾಕಬಹುದೇ? ನನ್ನ ಲಾರಿಲ್ ಡಬ್ಬಿಯಲ್ಲಿ ಬಿಳಿಯಾಗಿ ಹೆಪ್ಪುಗಟ್ಟಿದೆ, ಕೆಟ್ಟಿದೆಯಾ?

ಉತ್ತರ (ಕಾಸ್ಮೆಟಿಕ್ ಕೆಮಿಸ್ಟ್): ಕೆಟ್ಟಿಲ್ಲ. ಲಾರಿಲ್ ಗ್ಲುಕೋಸೈಡ್ ಕೋಣೆಯ ಉಷ್ಣತೆಯಲ್ಲಿ ಪೇಸ್ಟಿನ ಹಾಗೇ ಇರುತ್ತದೆ. ಡಬ್ಬಿಯನ್ನು 50 ಡಿಗ್ರಿಯ ಬಿಸಿನೀರಿನಲ್ಲಿಟ್ಟು ಪೂರ್ತಿ ಕರಗಿಸಿ, ಚೆನ್ನಾಗಿ ಕಲಕಿ, ಆಮೇಲೆ ತೂಕ ಮಾಡಿ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡರೆ ಅಳತೆ ತಪ್ಪುತ್ತದೆ. ಕೊಕೊ ಗ್ಲುಕೋಸೈಡ್ ಕೂಡ ಚಳಿಯಲ್ಲಿ ಮೋಡಗಟ್ಟುತ್ತದೆ, ಅದಕ್ಕೂ ಇದೇ ಉಪಾಯ.

ಕೊಬ್ಬಿನ ಸರಪಳಿ ಉದ್ದವಾದಷ್ಟೂ ಗಟ್ಟಿತನ ಹೆಚ್ಚು. ಲಾರಿಲ್‌ನ ನೊರೆ ನಿಧಾನವಾಗಿ ಏಳುತ್ತದೆ, ಸಣ್ಣ ಗುಳ್ಳೆ, ದ್ರವಕ್ಕೆ ಮೈ ಕೊಡುತ್ತದೆ. ಡೆಸಿಲ್‌ನದು ಬೇಗ ಏಳುವ ಸಡಿಲ ನೊರೆ, ದ್ರವ ತೆಳು. ಫೋಮ್ ಪಂಪಿನ ಬಾಟಲಿಗೆ ಡೆಸಿಲ್‌ನ ಆ ತೆಳುತನವೇ ವರ, ಗಮ್ ಹಾಕಬೇಡಿ, ಪಂಪಿನ ಜಾಲರಿ ಕಟ್ಟಿಕೊಳ್ಳುತ್ತದೆ. ಕೊಕೊ ಇವೆರಡರ ನಡುವೆ. ಕ್ಯಾಪ್ರಿಲಿಲ್/ಕ್ಯಾಪ್ರಿಲ್ ಗ್ಲುಕೋಸೈಡ್ ಸುಗಂಧ ತೈಲವನ್ನು ನೀರಿನಲ್ಲಿ ಕರಗಿಸಲು ಹೆಚ್ಚು ಉಪಯುಕ್ತ. ಬದಲಿಸಬಹುದು, ಆದರೆ ಸಕ್ರಿಯ ಅಂಶದ ಲೆಕ್ಕ ಮತ್ತೆ ಹಾಕಬೇಕು, ಪಿಎಚ್ ಮತ್ತೆ ಅಳೆಯಬೇಕು.

ಪ್ರಶ್ನೆ: ಕೂದಲಿಗೆ ನುಣುಪು ಬರಲಿ ಅಂತ ಕ್ಯಾಟಯಾನಿಕ್ ಗೌರ್ ಗಮ್ 0.2 ಸೇರಿಸಿದೆ. ಕ್ಸಾಂಥನ್ ಇದ್ದ ಶಾಂಪೂ ಒಡೆದ ಹಾಲಿನ ಹಾಗಾಯಿತು.

ಉತ್ತರ (ಕಾಸ್ಮೆಟಿಕ್ ಕೆಮಿಸ್ಟ್): ಕ್ಸಾಂಥನ್ ಋಣ, ಕ್ಯಾಟಯಾನಿಕ್ ಗೌರ್ ಧನ. ಎರಡೂ ಒಂದನ್ನೊಂದು ಹಿಡಿದುಕೊಂಡು ಕುಳಿತಿವೆ. ಗ್ಲುಕೋಸೈಡ್‌ನ ತಪ್ಪಿಲ್ಲ, ಅದು ಇಬ್ಬರೊಡನೆಯೂ ಹೊಂದಿಕೊಳ್ಳುತ್ತದೆ. ಕ್ಸಾಂಥನ್ ಬದಲು ಹೈಡ್ರಾಕ್ಸಿಎಥೈಲ್ ಸೆಲ್ಯುಲೋಸ್ ಹಾಕಿ, ಅದಕ್ಕೆ ವಿದ್ಯುದಂಶ ಇಲ್ಲ.

ಪ್ರಶ್ನೆ: ಡಾಕ್ಟ್ರೇ, ಗ್ಲುಕೋಸೈಡ್ ಇರುವ, ಪಿಎಚ್ ಸರಿಯಿರುವ ಕ್ಲೆನ್ಸರ್ ಬಳಸಿದರೂ ಎರಡು ದಿನಕ್ಕೆ ರೆಪ್ಪೆ ಮೇಲೆ ತುರಿಕೆ, ಕೆಂಪು. ಸೌಮ್ಯವಾದದ್ದಕ್ಕೂ ಅಲರ್ಜಿ ಆಗುತ್ತಾ?

ಉತ್ತರ (ಚರ್ಮರೋಗ ತಜ್ಞ): ಆಗುತ್ತದೆ. ಕೆರಳಿಕೆ ಬೇರೆ, ಅಲರ್ಜಿ ಬೇರೆ. ಮೊದಲ ಪ್ರಶ್ನೆಯಲ್ಲಿದ್ದದ್ದು ಕೆರಳಿಕೆ: ತಾಗಿದ ಕೂಡಲೇ ಉರಿ, ತೊಳೆದರೆ ತಗ್ಗುತ್ತದೆ. ಅಲರ್ಜಿ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬಿಟ್ಟು ಬರುತ್ತದೆ, ತುರಿಕೆ ಮುಂದಿರುತ್ತದೆ, ಕಡಿಮೆ ಪ್ರಮಾಣಕ್ಕೂ ಮರುಕಳಿಸುತ್ತದೆ. ಆಲ್ಕೈಲ್ ಗ್ಲುಕೋಸೈಡ್‌ಗಳನ್ನು ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2017ರಲ್ಲಿ ‘ವರ್ಷದ ಅಲರ್ಜಿಕಾರಕ’ ಎಂದು ಗುರುತಿಸಿತು. ಹೆಚ್ಚಿನವರಿಗೆ ಇದು ತೊಂದರೆ ಕೊಡುವುದಿಲ್ಲ. ಆದರೆ ಎಕ್ಸಿಮಾ ಇರುವವರು ‘ಸೆನ್ಸಿಟಿವ್ ಸ್ಕಿನ್’ ಎಂದು ಬರೆದದ್ದನ್ನೇ ಹುಡುಕಿ ಕೊಳ್ಳುವುದರಿಂದ ಇದರ ಸಂಪರ್ಕ ಅವರಿಗೇ ಹೆಚ್ಚು.

ಪ್ಯಾಚ್ ಟೆಸ್ಟ್ ಮಾಡಿಸಿಕೊಳ್ಳಿ. ಡೆಸಿಲ್ ಗ್ಲುಕೋಸೈಡ್ ಶೇ 5, ಪೆಟ್ರೋಲೇಟಮ್‌ನಲ್ಲಿ ಬೆರೆಸಿದ್ದು, ಬೆನ್ನಿಗೆ ಅಂಟಿಸಿ 48 ಗಂಟೆಗೆ ತೆಗೆದು, ಆಮೇಲೆ ಮತ್ತೊಮ್ಮೆ ನೋಡುತ್ತಾರೆ. ಬೀಟೈನ್ ಕೂಡ ಜೊತೆಗೆ ಪರೀಕ್ಷಿಸಲು ಹೇಳಿ, 2004ರಲ್ಲಿ ಅದೇ ಸೊಸೈಟಿಯ ಪಟ್ಟ ಕೊಕಾಮಿಡೊಪ್ರೊಪೈಲ್ ಬೀಟೈನ್‌ಗೆ ಸಿಕ್ಕಿತ್ತು. ಅಲ್ಲಿಯವರೆಗೆ ಆ ಕ್ಲೆನ್ಸರ್ ನಿಲ್ಲಿಸಿ.

ಫಲಿತಾಂಶ ಪಾಸಿಟಿವ್ ಬಂದರೆ ಡೆಸಿಲ್ ಬಿಟ್ಟು ಕೊಕೊಗೆ ಹೋಗಬೇಡಿ. ಈ ಕುಟುಂಬದಲ್ಲಿ ಒಂದಕ್ಕೆ ಅಲರ್ಜಿ ಇದ್ದವರಿಗೆ ಇನ್ನೊಂದಕ್ಕೂ ಇರುವುದು ಸಾಮಾನ್ಯ. ಲೇಬಲ್‌ನಲ್ಲಿ ‘ಗ್ಲುಕೋಸೈಡ್’ ಎಂದು ಕೊನೆಯಾಗುವ ಎಲ್ಲ ಸರ್ಫ್ಯಾಕ್ಟಂಟ್ ಹೆಸರನ್ನೂ ತಪ್ಪಿಸಿ. ಸೋಡಿಯಂ ಕೊಕೊಯಿಲ್ ಗ್ಲುಟಮೇಟ್ ಅಥವಾ ಐಸೆಥಿಯೊನೇಟ್ ಇರುವ ಕ್ಲೆನ್ಸರ್ ನೋಡಬಹುದು. ಸನ್‌ಸ್ಕ್ರೀನ್‌ ಅನ್ನೂ ಮರೆಯಬೇಡಿ: ಬಿಸಾಕ್ಟ್ರಿಜೋಲ್ ಎಂಬ ಬಿಸಿಲು ತಡೆಯುವ ಫಿಲ್ಟರಿನ ಕಣಗಳನ್ನು ನೀರಿನಲ್ಲಿ ಹರಡಿ ಹಿಡಿದಿಡಲು ಡೆಸಿಲ್ ಗ್ಲುಕೋಸೈಡ್ ಬಳಸುತ್ತಾರೆ. ಕ್ಲೆನ್ಸರ್ ತೊಳೆದು ಹೋಗುತ್ತದೆ, ಸನ್‌ಸ್ಕ್ರೀನ್ ದಿನವಿಡೀ ಮುಖದ ಮೇಲೇ ಉಳಿಯುತ್ತದೆ.

ಪ್ರಶ್ನೆ: ಕೊನೆಯದಾಗಿ, ಇದನ್ನು ‘ನೈಸರ್ಗಿಕ’ ಅಂತ ಲೇಬಲ್ ಮೇಲೆ ಬರೆಯಬಹುದೇ?

ಉತ್ತರ (ಕಾಸ್ಮೆಟಿಕ್ ಕೆಮಿಸ್ಟ್): ‘ಸಸ್ಯಮೂಲದ್ದು’ ಎನ್ನಿ, ಅದು ನಿಜ. ಪಿಷ್ಟದಿಂದ ಗ್ಲುಕೋಸ್, ತೆಂಗು ಅಥವಾ ತಾಳೆಬೀಜದ ಎಣ್ಣೆಯಿಂದ ಕೊಬ್ಬಿನ ಆಲ್ಕೋಹಾಲ್. ಆದರೆ ಯಾವ ಗಿಡದಿಂದಲೂ ಡೆಸಿಲ್ ಗ್ಲುಕೋಸೈಡ್ ಹಿಂಡಿ ತೆಗೆಯುವುದಿಲ್ಲ. ಆಮ್ಲದ ವೇಗವರ್ಧಕ ಹಾಕಿ ಎರಡನ್ನೂ ಬೆಸೆಯುತ್ತಾರೆ. ಎಮಿಲ್ ಫಿಷರ್ 1893ರಲ್ಲಿ ತೋರಿಸಿಕೊಟ್ಟ ಪ್ರತಿಕ್ರಿಯೆ ಇದು. ನಂತರ ಆಮ್ಲವನ್ನು ತಟಸ್ಥಗೊಳಿಸಿ, ಮಿಕ್ಕ ಆಲ್ಕೋಹಾಲನ್ನು ನಿರ್ವಾತದಲ್ಲಿ ಆವಿಯಾಗಿಸಿ, ಬಣ್ಣ ತೆಗೆದು, ನೀರು ಬೆರೆಸುತ್ತಾರೆ. ಬೇಗ ಜೈವಿಕವಾಗಿ ಕೊಳೆಯುತ್ತದೆ ಎಂಬುದನ್ನೂ ಬರೆಯಬಹುದು. ‘ರಾಸಾಯನಿಕರಹಿತ’ ಎಂದು ಮಾತ್ರ ಬರೆಯಬೇಡಿ. ಬರೆಯಲೇಬೇಕಾದದ್ದು ಪಿಎಚ್ ಅಂಕಿ, ತಯಾರಿಸಿದ ದಿನಾಂಕ, ಗ್ಲುಕೋಸೈಡ್‌ನ ಪೂರ್ತಿ ಹೆಸರು. ಮೇಲೆ ರೆಪ್ಪೆ ತುರಿಕೆಯ ಪ್ರಶ್ನೆ ಕೇಳಿದವರಂಥವರು ಅಂಗಡಿಯಲ್ಲಿ ನಿಂತು ಹುಡುಕುವುದು ಆ ಹೆಸರನ್ನೇ.