ಮ್ಯಾನ್ ಅಂದರೆ ಯಾರು ಭಾವ?

ಮೊನ್ನೆ ಭಾನುವಾರ ಕಾಸರಗೋಡಿನ ಬದಿಯಡ್ಕದ ಹತ್ತಿರ ಭಾವನ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದೆವು. ಭಾವ ಅಂದರೆ ಸಂಬಂಧದಲ್ಲಿ ಭಾವನೇನೂ ಅಲ್ಲ, ನಮ್ಮ ಕಡೆ ಎದುರು ಸಿಕ್ಕವರೆಲ್ಲ ಭಾವಂದಿರೇ. ಅವನ ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಿಡಿಸುವುದಿಲ್ಲ, ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಹಾಗಾಗಿ ಎಲ್ಲೋ ಬಿದ್ದಿದ್ದ ಪೆನ್‌ಡ್ರೈವಿನಿಂದ ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸಿನ ಒಂದು ಬಗೆ, ಡೆಬಿಯನ್ 11, ಹಾಕಿಕೊಂಡಿದ್ದ. ಎಲ್ಲ ಸರಿ, ವೈಫೈ ಮಾತ್ರ ಇಲ್ಲ.

"ಕಸ್ಟಮರ್ ಕೇರ್ ನಂಬರ್ ಎಂತದು?" ಅಂದ.

"ಪುಕ್ಕಟೆ ಸಿಕ್ಕಿದ್ದಕ್ಕೆ ಎಂತ ಕಸ್ಟಮರ್ ಕೇರ್? ನೆಟ್ಟಲ್ಲಿ ಹುಡುಕು," ಅಂದೆ ನಾನು.

"ನೆಟ್ ಇಲ್ಲ ಅಂತಲೇ ಅಲ್ವಾ ನಾನು ಅರ್ಧ ಗಂಟೆಯಿಂದ ಬೊಬ್ಬೆ ಹೊಡೆಯುತ್ತಿರುವುದು!"

ಅಷ್ಟರಲ್ಲಿ ಮಾಷ್ಟ್ರು ಅಂಗಳಕ್ಕಿಳಿದು ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದರು. ಅವರು ಬಾಯಿ ಖಾಲಿ ಮಾಡಿದರೆಂದರೆ ಪಾಠ ಶುರು ಎಂದೇ ಅರ್ಥ. ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸಿನಲ್ಲಿ, ಅದನ್ನೇ ಕಲಿಸಿ ರಿಟೈರ್ ಆದವರು ನಮ್ಮ ಮಾಷ್ಟ್ರು.

"ನೆಟ್ ಬೇಡ. ಪುಸ್ತಕ ಅದರ ಹೊಟ್ಟೆಯೊಳಗೇ ಉಂಟು. ಟರ್ಮಿನಲ್, ಅಂದರೆ ಕಮಾಂಡ್ ಬರೆಯುವ ಕಿಟಕಿ, ತೆರೆದು ಮ್ಯಾನ್ ಅಂತ ಬರೆ, ಪಕ್ಕದಲ್ಲಿ ಕಮಾಂಡಿನ ಹೆಸರು ಬರೆ."

"ಯಾವ ಮ್ಯಾನ್? ಲೈನ್‌ಮ್ಯಾನಾ?"

"ಮ್ಯಾನ್ಯುವಲ್ ಮಾರಾಯ, ಅದನ್ನು ಗಿಡ್ಡ ಮಾಡಿದ್ದು."

"ಕಮಾಂಡಿನ ಹೆಸರು ಗೊತ್ತಿಲ್ಲದವನು ಎಂತ ಮಾಡಬೇಕು?" ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೂ ದಾರಿ ಉಂಟಂತೆ. ಮ್ಯಾನ್ ಆದ ಮೇಲೆ ಹೈಫನ್ ಕೆ, ಆಮೇಲೆ ನೆಟ್‌ವರ್ಕ್ ಅಂತಲೋ ಪಾಸ್‌ವರ್ಡ್ ಅಂತಲೋ ಒಂದು ಪದ ಹಾಕಿದರೆ ಆ ಪದ ಬರುವ ಕೈಪಿಡಿಗಳ ಪಟ್ಟಿಯೇ ಬರುತ್ತದೆ. ಭಾವ ನೆಟ್‌ವರ್ಕ್ ಅಂತ ಹಾಕಿದ. ಪರದೆ ತುಂಬಾ ಹೆಸರುಗಳು ಇಳಿದವು, ಮದುವೆಮನೆಯ ಊಟದ ಹಂತಿಯ ಹಾಗೆ ಮುಗಿಯುವುದೇ ಇಲ್ಲ. ಒಂದನ್ನು ಆರಿಸಿ ಒಳಗೆ ಹೋದ. ಹೋದವನಿಗೆ ಹೊರಗೆ ಬರಲಿಕ್ಕೆ ಆಗಲಿಲ್ಲ. ಎಂಟರ್ ಒತ್ತಿದ, ಎಸ್ಕೇಪ್ ಒತ್ತಿದ, ಕೊನೆಗೆ ಬ್ಯಾಟರಿ ಕಿತ್ತುಬಿಡುತ್ತೇನೆ ಅಂತ ಲ್ಯಾಪ್‌ಟಾಪನ್ನೇ ಕವುಚಿ ಹಾಕಿದ.

"ತಡೆ ತಡೆ! ಹೊರಗೆ ಬರಲಿಕ್ಕೆ ಕ್ಯೂ," ಅಂದರು ಮಾಷ್ಟ್ರು.

"ಹೊರಗೆ ಬರಲಿಕ್ಕೂ ಕ್ಯೂ ನಿಲ್ಲಬೇಕಾ?"

ಕನ್ನಡದಲ್ಲಿ ಇಲ್ವಾ ಇದು ಅಂತ ನಾನು ಕೇಳಿದೆ. ನೋಡಿದ್ದೆಲ್ಲ ಇಂಗ್ಲಿಷೇ, ಅದೂ ಒಣ ಇಂಗ್ಲಿಷು. ಭಾವ ಬೇಸರ ಮಾಡಲಿಲ್ಲ. "ಪರವಾಗಿಲ್ಲ, ಓದಲು ಬಾರದ ಕಾಗದ ತುಂಬಿಸಿ ಕೊಟ್ಟು ಕಾಸರಗೋಡಿನವರಿಗೆ ಕೇರಳಕ್ಕೆ ಸೇರಿದ 1956ರಿಂದ ಅಭ್ಯಾಸ ಉಂಟು."

ನಿಜ ಹೇಳಬೇಕೆಂದರೆ ಆ ಕೈಪಿಡಿಯಿಂದ ವೈಫೈ ಬರಲಿಲ್ಲ. ಗೊತ್ತಿರುವವನಿಗೆ ಮರೆತದ್ದನ್ನು ನೆನಪಿಸಲಿಕ್ಕೆ ಅದು ಒಳ್ಳೆಯದು, ಏನೂ ಗೊತ್ತಿಲ್ಲದವನಿಗೆ ಪಂಚಾಂಗ ಕೊಟ್ಟ ಹಾಗೆ. ಭಾವನ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆವು, ನೆಟ್ ಬಂತು. ಇದು ನನಗೆ ಮೊದಲೇ ಹೊಳೆಯಬೇಕಿತ್ತು, ಇರಲಿ. ಭಾವ ಕೂಡಲೇ ನೆಟ್ಟಿನಲ್ಲಿ ಪ್ರಶ್ನೆ ಕೇಳುವ ಜಾಗ ಹುಡುಕಿ "ವೈಫೈ ಇಲ್ಲ, ಅರ್ಜೆಂಟ್" ಅಂತ ಬರೆಯಲಿಕ್ಕೆ ಹೊರಟ. ಮಾಷ್ಟ್ರು ಕೈ ಹಿಡಿದರು.

"ನೀನು ಅಡಿಕೆ-ತೆಂಗಿನ ಸಂಶೋಧನೆ ಮಾಡುವ ಸಿಪಿಸಿಆರ್‌ಐಗೆ ಹೋದಾಗ ಅಡಿಕೆ ಉದುರುತ್ತದೆ ಅಂತ ಮಾತ್ರ ಹೇಳಿದ್ಯಾ?"

"ಅದು ಹೇಗೆ ಸಾಕಾಗುತ್ತದೆ? ಉದುರಿದ ಕಾಯಿ ಚೀಲದಲ್ಲಿ ಕೊಂಡುಹೋಗಿದ್ದೆ. ಎಳತಾ ಬಲಿತದ್ದಾ, ಮಳೆಗೆ ಮೊದಲಾ ಆಮೇಲಾ, ಮದ್ದು ಯಾವಾಗ ಬಿಟ್ಟದ್ದು, ಎಲ್ಲ ಹೇಳಿದ್ದೆ."

"ಇಲ್ಲಿಯೂ ಚೀಲ ತೆಗೆದುಕೊಂಡು ಹೋಗು!"

ಎಲ್‌ಎಸ್‌ಪಿಸಿಐ ಅಂತ ಹೊಡೆದರೆ ಒಳಗಿರುವ ಕಾರ್ಡುಗಳ ಹೆಸರು ಬರುತ್ತದೆ. ಇಂಟೆಲ್ ಕಾರ್ಡು. ಅದಕ್ಕೆ ಫರ್ಮ್‌ವೇರ್, ಅಂದರೆ ಕಾರ್ಡನ್ನು ನಡೆಸುವ ಸಣ್ಣ ಸಾಫ್ಟ್‌ವೇರ್, ಬೇಕು, ಅದು ಡೆಬಿಯನ್ 11ರ ಮಾಮೂಲಿ ಇನ್‌ಸ್ಟಾಲರಿನಲ್ಲಿ ಇರುವುದಿಲ್ಲ. 2023ರ ಜೂನಿನಲ್ಲಿ ಬಂದ 12ರಿಂದ ಒಳಗೇ ಸೇರಿಸಿದ್ದಾರೆ. ಕಾರ್ಡಿನ ಹೆಸರು, ಡೆಬಿಯನ್ 11 ಎಂಬ ಹೆಸರು, ಈ ಎರಡನ್ನು ಕೊಟ್ಟು ಹುಡುಕಿದರೆ ಉತ್ತರ ಡೆಬಿಯನ್ ವಿಕಿಯಲ್ಲೇ ಇತ್ತು, ಯಾರನ್ನೂ ಕೇಳಬೇಕಾಗಲೇ ಇಲ್ಲ.

"ಇನ್‌ಸ್ಟಾಲ್ ಮಾಡುವಾಗಲೇ ಇದನ್ನು ಕೇಳಿರಬೇಕಲ್ಲ," ಅಂದರು ಮಾಷ್ಟ್ರು.

"ಎಂತದೋ ಕೇಳಿತ್ತು. ನೋ ಅಂತ ಒತ್ತಿದೆ. ಗೊತ್ತಿಲ್ಲದ್ದಕ್ಕೆ ಒಪ್ಪಿಗೆ ಕೊಡಬಾರದು ಅಂತ ನೀವೇ ಹೇಳಿಕೊಟ್ಟದ್ದಲ್ವಾ?"

ಆಮೇಲೆ ಸಾಫ್ಟ್‌ವೇರ್ ಎಲ್ಲಿಂದ ತರಬೇಕೆಂದು ಹೇಳುವ ಸೋರ್ಸಸ್ ಡಾಟ್ ಲಿಸ್ಟ್ ಎಂಬ ಫೈಲಿಗೆ ನಾನ್-ಫ್ರೀ ಅಂತ ಸೇರಿಸಬೇಕೆಂದಾಗ ಭಾವ ಎದ್ದು ನಿಂತ. "ಫ್ರೀ ಅಂತ ಅಲ್ವಾ ಹೇಳಿದ್ದು? ಈಗ ದುಡ್ಡಾ?" ದುಡ್ಡಲ್ಲ, ಸ್ವಾತಂತ್ರ್ಯ ಅಂತ ಮಾಷ್ಟ್ರು ಬಿಡಿಸಿ ಹೇಳುವಷ್ಟರಲ್ಲಿ ಎರಡು ಸಲ ಚಾ ಆಯಿತು. ಸಂಜೆಗೆ ವೈಫೈ ಬಂತು. ಅಡಿಕೆ ಅರ್ಧ ಗೋಣಿಯೂ ಆಗಲಿಲ್ಲ.

ರಾತ್ರಿ ಹತ್ತೂವರೆಗೆ ಭಾವನ ಫೋನ್. ಒಬ್ಬನೇ ಕೂತು ಅಪ್‌ಗ್ರೇಡ್ ಕೊಟ್ಟಿದ್ದನಂತೆ.

"ಭಾವಾ, ಅದು ಪುನಃ ಪ್ರಶ್ನೆ ಕೇಳುತ್ತಾ ಉಂಟು. ಈ ಸಲ ನೋ ಒತ್ತಲಿಲ್ಲ."

"ಒಳ್ಳೆಯದಾಯಿತು. ವೈ ಒತ್ತು."

"ವೈ ಅಂತ ಅದೇ ಕೇಳುತ್ತಾ ಉಂಟಲ್ಲ ಮಾರಾಯ, ನಾನು ಎಂತ ಕಾರಣ ಹೇಳಲಿ?"