ಪ್ರಯಾಣದಲ್ಲಿ ಎದೆಹಾಲಿನ ಪಂಪ್ ಎಳೆಯುತ್ತಿಲ್ಲ, ಹಾಲು 30 ಮಿ.ಲೀ. ದಾಟುತ್ತಿಲ್ಲ

ಐದು ತಿಂಗಳ ಮಗುವಿನ ತಾಯಿ:
ಕೆಲಸದ ಮೇಲೆ ನಾಲ್ಕು ದಿನ ಹೊರಗಿದ್ದೇನೆ, ಇವತ್ತು ಎರಡನೇ ದಿನ. ಮನೆಯಲ್ಲಿ ಒಂದು ಸಲಕ್ಕೆ ಎರಡೂ ಕಡೆ ಸೇರಿ 120 ಮಿ.ಲೀ. ಬರುತ್ತಿತ್ತು. ನಿನ್ನೆ ಸಂಜೆಯಿಂದ 30 ದಾಟಿಲ್ಲ. ಮೋಟಾರಿನ ಸದ್ದು ಮಾಮೂಲಿನಂತೆಯೇ ಇದೆ, ಚಾರ್ಜ್ ಪೂರ್ತಿ ಇದೆ. ಟ್ಯೂಬಿನೊಳಗೆ ನೀರಿನ ಹನಿ ಕಾಣಿಸುತ್ತಿದೆ. ಎದೆ ಕಲ್ಲಿನಂತೆ ಕಟ್ಟಿಕೊಂಡಿದೆ, ಬಲಗಡೆ ಮುಟ್ಟೋಕಾಗಲ್ಲ. ಹಾಲು ಬತ್ತುತ್ತಿದೆಯಾ? ತುಂಬ ಭಯವಾಗಿದೆ.

ಎರಡು ಮಕ್ಕಳ ಅಮ್ಮ:
ಎದೆ ಕಟ್ಟಿಕೊಂಡಿದೆ ಅಂದಮೇಲೆ ಹಾಲು ಇದೆ, ಹೊರಗೆ ಬರುತ್ತಿಲ್ಲ ಅಷ್ಟೇ. ಮೊದಲು ಪಂಪ್ ಬದಿಗಿಟ್ಟು ಕೈಯಿಂದ ಹಿಂಡಿ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ಕಪ್ಪು ಭಾಗದ ಅಂಚಿಗಿಂತ ಸ್ವಲ್ಪ ಹಿಂದೆ. ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳು ಕೂಡಿಸಿ, ಬಿಡಿ. ಚರ್ಮದ ಮೇಲೆ ಜಾರಿಸಬೇಡಿ. ಬಿಗಿ ಇಳಿದರೆ ಸಾಕು, ನಿಲ್ಲಿಸಿ. ಗಂಟು ಕರಗಲಿ ಅಂತ ಜೋರಾಗಿ ತಿಕ್ಕಲೇಬೇಡಿ, ಒಳಗೆ ಊತ ಹೆಚ್ಚಾಗುತ್ತೆ. ತಣ್ಣನೆಯ ಬಟ್ಟೆ ಇಡಿ. ಜ್ವರ, ಚಳಿ ಬಂದರೆ ಅಥವಾ ಕೆಂಪು ಹರಡುತ್ತಾ ಹೋದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ಈಗ ಪಂಪ್. ಸದ್ದು ಸರಿಯಿದ್ದು ಎಳೆತ ಇಲ್ಲ ಅಂದರೆ ನನ್ನ ಅನುಮಾನ ಯಾವಾಗಲೂ ವಾಲ್ವ್ ಮೇಲೆಯೇ. ಬಾಟಲಿಯ ಮೇಲ್ಗಡೆ ಬಾತುಕೋಳಿ ಕೊಕ್ಕಿನಂತಿರುವ ಆ ಮೆತ್ತನೆಯ ಸಿಲಿಕೋನ್ ತುಂಡನ್ನು ತೆಗೆದು, ತುದಿಯ ಸೀಳನ್ನು ಬೆಳಕಿಗೆ ಹಿಡಿದು ನೋಡಿ. ತುಟಿಗಳೆರಡೂ ಕೂಡಿಕೊಂಡಿರಬೇಕು. ನಡುವೆ ಬೆಳಕು ಕಂಡರೆ, ಮೂಲೆಯಲ್ಲಿ ಹರಿದಿದ್ದರೆ, ಗಾಳಿ ಅಲ್ಲೇ ಸೋರುತ್ತೆ. ತೊಳೆಯುವಾಗ ಬ್ರಷ್ ತುದಿ ತಗುಲಿದರೂ ಹರಿಯುತ್ತೆ.

ಹನಿಗೆ ಹೆದರಬೇಡಿ. ಬರೀ ಟ್ಯೂಬ್ ಸಿಕ್ಕಿಸಿ ಪಂಪನ್ನು ಕೆಲವು ನಿಮಿಷ ಓಡಿಸಿದರೆ ಒಣಗುತ್ತೆ. ಹಾಲೇ ಟ್ಯೂಬಿಗೆ ಏರಿದ್ದರೆ, ಬೂಷ್ಟು ಕಂಡರೆ ಅದನ್ನು ಬಳಸಬೇಡಿ.

ಐದು ತಿಂಗಳ ಮಗುವಿನ ತಾಯಿ:
ಬಲಗಡೆಯ ವಾಲ್ವಿನ ಮೂಲೆಯಲ್ಲಿ ಕೂದಲೆಳೆಯಷ್ಟು ಹರಿದಿದೆ!! ಬೆರಳಲ್ಲಿ ಅಗಲಿಸಿದಾಗಲೇ ಕಂಡಿದ್ದು. ಎಡಗಡೆಯದನ್ನೇ ಹಾಕಿಕೊಂಡು, ಇನ್ನೊಂದು ಟ್ಯೂಬನ್ನು ಮಡಚಿ ಹಿಡಿದು, ಒಂದೊಂದೇ ಕಡೆ ತೆಗೆದೆ. ಬಲಗಡೆಯಿಂದಲೇ 70 ಬಂತು. ಅಳು ಬಂದುಬಿಟ್ಟಿತು. ಇನ್ನೊಂದು ಪ್ರಶ್ನೆ: ವಾಪಸ್ ದಾರಿ 15 ಗಂಟೆ, ನಡುವೆ ವಿಮಾನ. ಹಾಲು ಕೆಡದಂತೆ ಒಯ್ಯೋದು ಹೇಗೆ?

ಪದೇ ಪದೇ ಪ್ರಯಾಣ ಮಾಡುವವಳು:
ಆಗ ತಾನೇ ತೆಗೆದ ಹಾಲು 25 ಡಿಗ್ರಿಯೊಳಗೆ 4 ಗಂಟೆ ಇರುತ್ತೆ, ಸೆಕೆ ಹೆಚ್ಚಿದ್ದರೆ ಇನ್ನೂ ಕಡಿಮೆ. ಗಟ್ಟಿ ಹೆಪ್ಪುಗಟ್ಟಿದ ಐಸ್ ಪ್ಯಾಕ್ ಜೊತೆ ಕೂಲರ್ ಬ್ಯಾಗಿನಲ್ಲಿ 24 ಗಂಟೆಯವರೆಗೂ ಇಡಬಹುದು. ನಿಮ್ಮ 15 ಗಂಟೆಗೆ ಧಾರಾಳ. ಆದರೆ ಪ್ಯಾಕನ್ನು ಬರೀ ತಳಕ್ಕೆ ಹಾಕಿದರೆ ಪ್ರಯೋಜನವಿಲ್ಲ, ಬಾಟಲಿಗೆ ಸುತ್ತಲೂ ತಾಗಿರಬೇಕು. ಖಾಲಿ ಜಾಗಕ್ಕೆ ಬಟ್ಟೆ ತುರುಕಿ, ಮತ್ತೆ ಮತ್ತೆ ತೆರೆಯಬೇಡಿ. ದಾರಿಯಲ್ಲಿ ತೆಗೆದ ಬೆಚ್ಚನೆಯ ಹಾಲನ್ನು ತಣ್ಣಗಿರುವುದಕ್ಕೆ ಸುರಿಯಬೇಡಿ, ಬೇರೆ ಬಾಟಲಿಯಲ್ಲಿಡಿ.

ವಿಮಾನದಲ್ಲಿ ಪಂಪ್, ಪವರ್ ಬ್ಯಾಂಕ್, ಹಾಲು ಮೂರೂ ಕೈಚೀಲದಲ್ಲೇ ಇರಲಿ. ಲಿಥಿಯಂ ಪವರ್ ಬ್ಯಾಂಕನ್ನು ಲಗೇಜಿಗೆ ಹಾಕುವ ಹಾಗಿಲ್ಲ. 100 ಮಿ.ಲೀ. ದ್ರವದ ಮಿತಿಯಿಂದ ಎದೆಹಾಲಿಗೆ ಬಹಳ ದೇಶಗಳಲ್ಲಿ ವಿನಾಯಿತಿ ಇದೆ, ಆದರೆ ನಿಯಮ ಎಲ್ಲ ಕಡೆ ಒಂದೇ ಥರ ಇಲ್ಲ. ಹೊರಡುವ ಮೊದಲೇ ಆ ನಿಲ್ದಾಣದ ನಿಯಮ ಓದಿಕೊಳ್ಳಿ, ತಪಾಸಣೆಯಲ್ಲಿ ನೀವಾಗಿಯೇ ಚೀಲದಿಂದ ತೆಗೆದು ತೋರಿಸಿ. ಎಕ್ಸ್-ರೇಯಿಂದ ಹಾಲಿಗೆ ಏನೂ ಆಗಲ್ಲ.

ಮೇಲೆ ಕೆನೆ ಬೇರೆಯಾಗಿದ್ದರೆ ಚೆಲ್ಲಬೇಡಿ! ಅದು ಕೊಬ್ಬು, ಮೆಲ್ಲಗೆ ಅಲ್ಲಾಡಿಸಿದರೆ ಬೆರೆಯುತ್ತೆ. ನಾನು ಮೊದಲ ಸಲ ಕೆಟ್ಟಿದೆ ಅಂದುಕೊಂಡು ಎರಡು ಬಾಟಲಿ ಚೆಲ್ಲಿದ್ದೆ, ಇವತ್ತಿಗೂ ಸಂಕಟವಾಗುತ್ತೆ.

ಐದು ತಿಂಗಳ ಮಗುವಿನ ತಾಯಿ:
ಮನೆ ಸೇರಿದೆ. ಹೊಸ ವಾಲ್ವ್ ಎರಡು ಜೊತೆ ತಗೊಂಡೆ, ಒಂದು ಜೊತೆ ಪಂಪಿನ ಚೀಲದಲ್ಲೇ ಇರುತ್ತೆ. ಪ್ಯಾಕಿನ ನಡುಭಾಗ ಇನ್ನೂ ಗಟ್ಟಿಯಾಗಿತ್ತು. ನಾಲ್ಕು ಬಾಟಲಿ ಫ್ರಿಜ್ಜಿಗೆ ಹೋದವು.

ಎರಡು ಮಕ್ಕಳ ಅಮ್ಮ:
ತುಂಬ ಖುಷಿ ಆಯ್ತು. ಫ್ರಿಜ್ಜಿನಲ್ಲಿ ಹಾಲು ನಾಲ್ಕು ದಿನ ಇರುತ್ತೆ, ಆ ಲೆಕ್ಕವನ್ನು ಹಾಲು ತೆಗೆದ ದಿನದಿಂದಲೇ ಹಿಡಿಯಿರಿ. ಹಳೆಯದನ್ನು ಮೊದಲು ಕುಡಿಸಿ.